ಕಣದ ಮೇಲೆ ಬಿದ್ದ ಮಳೆ

ನನಗಾಗ ಹತ್ತೋ ಹನ್ನೊಂದೋ ವರ್ಷ. ತುಮಕೂರು ಕಡೆಯ ನಮ್ಮೂರಲ್ಲಿ ರಾಗಿ ಒಕ್ಕಣೆ ನಡೆದಿತ್ತು. ಸಗಣಿಯಲ್ಲಿ ಸಾರಿಸಿದ ಕಣದಲ್ಲಿ ತೆನೆ ಹರಡಿ ಎರಡು ದಿನ ರೋಣಗಲ್ಲು ಹೊಡೆದಿದ್ದರು. ತೂರೋಣ ಅಂದರೆ ಸಂಜೆ ಗಾಳಿಯೇ ಬರಲಿಲ್ಲ. ಕಾಳು, ಹೊಟ್ಟು ಎಲ್ಲ ಒಟ್ಟಿಗೆ ರಾಶಿ ಮಾಡಿ, ನಾಳೆ ನೋಡೋಣ ಅಂತ ಮಲಗಿದರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಅಂತ ರೇಡಿಯೋದಲ್ಲಿ ಹೇಳಿದ್ದರಂತೆ. ನಮ್ಮ ರೇಡಿಯೋಗೆ ಸೆಲ್ ಮುಗಿದಿತ್ತು. ರಾತ್ರಿ ಎರಡರ ಹೊತ್ತಿಗೆ ಹೆಂಚಿನ ಮೇಲೆ ಟಪಟಪ ಶುರುವಾಯಿತು. ಎಲ್ಲರೂ ಎದ್ದು ಓಡಿದೆವು. ಇದ್ದದ್ದು ಒಂದೇ ಟಾರ್ಪಾಲು, ಅದರಲ್ಲೂ ಎರಡು ಕಡೆ ತೂತು. ಒಂದು ಮೂಲೆ ಅಪ್ಪ ಹಿಡಿದರು, ಒಂದು ದೊಡ್ಡಪ್ಪ, ಒಂದು ನಮ್ಮ ಹೊಲದಲ್ಲಿ ಆಳಾಗಿ ದುಡಿಯುತ್ತಿದ್ದಾತ. ನಾಲ್ಕನೆಯದು ನನಗೆ ಸಿಕ್ಕಿತು. ಸಂಜೆ ಕಾದಾಗ ಬಾರದ ಗಾಳಿ ಈಗ ಬಂದು ಟಾರ್ಪಾಲನ್ನು ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಅಜ್ಜಿ ಲಾಟೀನು ಹಿಡಿದು ಕಣದ ಅಂಚಲ್ಲಿ ನಿಂತಿದ್ದರು. “ಈ ಮಳೆ ಈಗ್ಲೇ ಯಾಕೆ ಬರ್ಬೇಕಿತ್ತು ಶಿವನೇ” ಅಂತ ಒಂದೇ ಸಮ ಹೇಳುತ್ತಿದ್ದರು.

ಆ ವರ್ಷ ಶಾಲೆಯಲ್ಲಿ ಜಲಚಕ್ರದ ಪಾಠ ಆಗಿತ್ತು. ಚಿತ್ರ ಬರೆದು, ಬಾಣದ ಗುರುತು ಹಾಕಿ, ಹತ್ತಕ್ಕೆ ಒಂಬತ್ತು ತಗೊಂಡಿದ್ದೆ. ಅಜ್ಜಿ ಪ್ರಶ್ನೆ ಕೇಳಿದರು, ನನಗೆ ಉತ್ತರ ಗೊತ್ತು. ಸುಮ್ಮನಿರೋದು ಹೇಗೆ? “ಅಜ್ಜೀ, ಸಮುದ್ರದ ನೀರು ಆವಿಯಾಗಿ ಮೇಲೆ ಹೋಗುತ್ತೆ, ಅಲ್ಲಿ ತಣ್ಣಗಾಗಿ…” ಅಂತ ಶುರು ಮಾಡಿದೆ. ದೊಡ್ಡಪ್ಪ ಕತ್ತಲಲ್ಲೇ, “ಮೇಷ್ಟ್ರೇ, ಸುಮ್ನೆ ಟಾರ್ಪಾಲು ಹಿಡ್ಕೊಳ್ರೀ” ಅಂದರು. ಅಂಥ ಹೊತ್ತಲ್ಲೂ ಅಪ್ಪ ನಕ್ಕರು. ನನ್ನ ಉತ್ತರ ಸರಿ ಇತ್ತು ಅಲ್ವಾ? ಆದರೂ ಯಾರಿಗೂ ಬೇಡವಾಯಿತು. ಮಳೆಗಿಂತ ಅದೇ ನನ್ನನ್ನು ಜಾಸ್ತಿ ದಿನ ಕೊರೆಯಿತು.

ಇದೆಲ್ಲ ಮರೆತೇ ಹೋಗಿತ್ತು. ಕೆಲವು ವರ್ಷದ ಹಿಂದೆ, ಬೆಂಗಳೂರಿನ ಒಂದು ಭಾನುವಾರ, ಅರಿಸ್ಟಾಟಲ್ ಓದುತ್ತಾ ಕೂತಿದ್ದೆ. ಪ್ರಕೃತಿ ಹೇಗೆ ಕೆಲಸ ಮಾಡುತ್ತೆ ಅಂತ ಆತ ಬರೆದ ‘ಫಿಸಿಕ್ಸ್’. ಎರಡನೇ ಭಾಗದ ಎಂಟನೇ ಅಧ್ಯಾಯಕ್ಕೆ ಬಂದಾಗ ಕೈಲಿದ್ದ ಕಾಫಿ ಲೋಟ ಹಾಗೇ ಕೆಳಗಿಟ್ಟೆ. ಅಲ್ಲಿ ಆತ ತನ್ನ ಎದುರಾಳಿಗಳ ವಾದವನ್ನು ತಾನೇ ಹೇಳುತ್ತಾನೆ. ಮಳೆ ಬರೋದು ಬೆಳೆ ಬೆಳೆಯಲಿ ಅಂತಲ್ಲ. ಮೇಲೆ ಹೋದದ್ದು ತಣ್ಣಗಾಗಲೇಬೇಕು, ತಣ್ಣಗಾದದ್ದು ನೀರಾಗಿ ಇಳಿಯಲೇಬೇಕು. ಇಳಿದಾಗ ಬೆಳೆ ಬೆಳೆಯುತ್ತೆ, ಅಷ್ಟೇ. ಹಾಗೇ, ಯಾರದೋ ಕಣದಲ್ಲಿ ಕಾಳು ಮಳೆಗೆ ಸಿಕ್ಕಿ ಕೆಟ್ಟರೆ, ಕಾಳು ಕೆಡಲಿ ಅಂತ ಮಳೆ ಬಂದದ್ದಲ್ಲ.

ಕಣ! ಸುಮಾರು 2,300 ವರ್ಷದ ಹಿಂದೆ, ಗ್ರೀಸಿನಲ್ಲಿ, ಯಾರದೋ ಕಣದ ಮೇಲೆ ಹೊತ್ತಲ್ಲದ ಹೊತ್ತಲ್ಲಿ ಮಳೆ ಬಿದ್ದಿದೆ. ಪಕ್ಕದಲ್ಲಿ ಯಾರೋ ‘ಯಾಕೆ’ ಅಂದಿದ್ದಾರೆ. ಇನ್ಯಾರೋ ಆವಿ, ತಂಪು, ನೀರು ಅಂತ ಪಾಠ ಒಪ್ಪಿಸಿದ್ದಾರೆ. ಮೂಲದಲ್ಲಿ ಅರಿಸ್ಟಾಟಲ್ ಸುಮ್ಮನೆ ‘ಮಳೆ ಬರುತ್ತೆ’ ಅನ್ನೋದಿಲ್ಲ, ‘ಜ್ಯೂಸ್ ಮಳೆ ಹುಯ್ಯುತ್ತಾನೆ’ ಅನ್ನುತ್ತಾನೆ. ಜ್ಯೂಸ್ ಅಂದರೆ ಗ್ರೀಕರ ದೇವರ ರಾಜ. ಗ್ರೀಕರು ಮಾತನಾಡುತ್ತಿದ್ದದ್ದೇ ಹಾಗೆ. ಆ ಹುಯ್ಯೋದಕ್ಕೆ ಗ್ರೀಕಿನಲ್ಲಿ ಇರೋ ಮಾತು ‘ಹುಏಯ್’. ನಮ್ಮ ‘ಹುಯ್’ ಥರಾನೇ ಕೇಳುತ್ತೆ! ನಂಟೇನೂ ಇಲ್ಲ ಬಿಡಿ. ನಮ್ಮ ಹಕಾರ ಹಳಗನ್ನಡದಲ್ಲಿ ಪಕಾರವಾಗಿತ್ತು. ಎರಡು ಪದ ಹೀಗೆ ದಾರಿಯಲ್ಲಿ ಡಿಕ್ಕಿ ಹೊಡೆದದ್ದು ಬರೀ ಆಕಸ್ಮಿಕ. ಈ ಆಕಸ್ಮಿಕ ಅನ್ನೋದನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಜೈಲಿನಲ್ಲಿ ಕಾಲು ನೀವಿಕೊಂಡವನು

ಅರಿಸ್ಟಾಟಲನಿಗಿಂತ ಮುಂಚೆಯೇ ಈ ಜಗಳ ಶುರುವಾಗಿತ್ತು. ಅದರ ಒಂದು ದೃಶ್ಯ ನನಗೆ ಬಹಳ ಇಷ್ಟ. ಕ್ರಿ.ಪೂ. 399. ಅಥೆನ್ಸಿನ ಜೈಲು. ಅವತ್ತು ಸಂಜೆ ಸಾಕ್ರಟೀಸ್ ವಿಷ ಕುಡಿಯಬೇಕು. ಬೆಳಿಗ್ಗೆ ಗೆಳೆಯರು ಒಳಗೆ ಬರುವ ಹೊತ್ತಿಗೆ ಕಾಲಿನ ಸಂಕೋಲೆ ಆಗಷ್ಟೇ ಬಿಚ್ಚಿದ್ದಾರೆ. ಆತ ಹಾಸಿಗೆಯ ಮೇಲೆ ಕೂತು, ಕಾಲು ಮಡಿಚಿ, ಸಂಕೋಲೆ ಕಚ್ಚಿದ ಜಾಗವನ್ನು ಕೈಯಿಂದ ನೀವಿಕೊಳ್ಳುತ್ತಾನೆ. ಆಮೇಲೆ ಕಾಲು ನೆಲಕ್ಕಿಟ್ಟು ಕೂತವನು ಮಾತು ಮುಗಿಯುವವರೆಗೂ ಹಾಗೇ ಕೂರುತ್ತಾನೆ. ಇದನ್ನು ಬರೆದಿಟ್ಟದ್ದು ಪ್ಲೇಟೋ. ತಮಾಷೆ ಅಂದರೆ, ಅವತ್ತು ಪ್ಲೇಟೋಗೆ ಹುಷಾರಿರಲಿಲ್ಲ, ಬಂದಿರಲಿಲ್ಲ ಅಂತ ಅದೇ ಪುಸ್ತಕದಲ್ಲಿದೆ.

ಮಾತಿನ ನಡುವೆ ಸಾಕ್ರಟೀಸ್ ತನ್ನ ಹುಡುಗುತನದ ಒಂದು ನಿರಾಸೆ ಹೇಳಿಕೊಳ್ಳುತ್ತಾನೆ. ಆಗ ಅವನಿಗೆ ಪ್ರಕೃತಿಯ ವಿಷಯ ಅಂದರೆ ಹುಚ್ಚು. ಒಂದು ದಿನ ಯಾರೋ ಅನಕ್ಸಗೊರಸ್ ಅನ್ನುವ ತತ್ವಜ್ಞಾನಿಯ ಪುಸ್ತಕ ಓದುತ್ತಿದ್ದದ್ದು ಕಿವಿಗೆ ಬಿತ್ತು. ಎಲ್ಲವನ್ನೂ ಒಪ್ಪವಾಗಿ ಇಟ್ಟಿರುವುದು ಬುದ್ಧಿ ಅಂತ ಅದರಲ್ಲಿತ್ತು. ಸಾಕ್ರಟೀಸನಿಗೆ ಖುಷಿಯೋ ಖುಷಿ. ಬುದ್ಧಿ ಇಟ್ಟದ್ದು ಅಂದಮೇಲೆ ಒಳ್ಳೆಯದಕ್ಕೇ ಇಟ್ಟಿರಬೇಕು ಅಲ್ವಾ? ಭೂಮಿ ಚಪ್ಪಟೆಯೋ ದುಂಡಗೋ ಅಂತ ಹೇಳಿ, ಹಾಗಿರೋದೇ ಯಾಕೆ ಒಳ್ಳೆಯದು ಅಂತಲೂ ಈತ ಹೇಳುತ್ತಾನೆ ಅಂತ ಕಾದ. ಪುಸ್ತಕ ತಂದು ಗಬಗಬ ಓದಿದ. ಒಳಗೆ ನೋಡಿದರೆ ಬರೀ ಗಾಳಿ, ನೀರು, ಆಕಾಶ. ಬುದ್ಧಿ ಮುನ್ನುಡಿಗೆ ಬಂದು ಮುಖ ತೋರಿಸಿ ಹೋಗಿತ್ತು.

ಆಗ ಆತ ಕೊಡುವ ಹೋಲಿಕೆ ನೋಡಿ. ಸಾಕ್ರಟೀಸ್ ಯಾಕೆ ಈ ಜೈಲಲ್ಲಿ ಕೂತಿದ್ದಾನೆ? ‘ಅವನ ಮೂಳೆ ಗಟ್ಟಿ, ನಡುವೆ ಕೀಲುಗಳಿವೆ, ನರಗಳು ಬಿಗಿದು ಸಡಿಲವಾಗುತ್ತವೆ, ಅದಕ್ಕೇ ಕಾಲು ಮಡಿಚಿ ಕೂರೋಕೆ ಆಗಿದೆ’ ಅಂತ ಯಾರಾದರೂ ಹೇಳಿದರೆ? ಸುಳ್ಳೇನಲ್ಲ. ಆದರೆ ಆತ ಕೂತಿರೋದು ಓಡಿಹೋಗೋದಕ್ಕಿಂತ ಇಲ್ಲಿ ಕೂತು ಶಿಕ್ಷೆ ಅನುಭವಿಸೋದು ಸರಿ ಅಂತ ತೀರ್ಮಾನಿಸಿದ್ದರಿಂದ. ಇಲ್ಲದಿದ್ದರೆ ಈ ಮೂಳೆ, ಈ ನರ ಎಂದೋ ಮೆಗರಾಕ್ಕೋ ಬಿಯೋಷಿಯಾಕ್ಕೋ ಪರಾರಿಯಾಗಿರುತ್ತಿದ್ದವು ಅನ್ನುತ್ತಾನೆ. ಹೊರಗೆ ಹೋಗೋಕೆ ಗೆಳೆಯ ಕ್ರಿಟೋ ವ್ಯವಸ್ಥೆ ಮಾಡಿದ್ದ ಅನ್ನೋದು ನಿಮಗೆ ಗೊತ್ತೇ ಇದೆ.

ಇಲ್ಲಿ ನನಗೆ ದೊಡ್ಡಪ್ಪ ನೆನಪಾದರು. ಮಳೆಯಲ್ಲಿ ನಾನು ಹೇಳಿದ್ದು ಮೂಳೆ ನರದ ಉತ್ತರ. ಆದರೆ ಒಂದು ಅನುಮಾನ ಉಳಿಯಿತು. ಸಾಕ್ರಟೀಸನಿಗೆ ಮನಸ್ಸಿದೆ, ತೀರ್ಮಾನ ಮಾಡುತ್ತಾನೆ. ಭೂಮಿಗೆ, ಮಳೆಗೆ, ಹಲ್ಲಿಗೆ ಎಲ್ಲಿಯ ಮನಸ್ಸು? ಪ್ಲೇಟೋ ಮುಂದೆ ಇದಕ್ಕೊಂದು ಉತ್ತರ ಕೊಟ್ಟ. ಒಬ್ಬ ಒಳ್ಳೆಯ ಕುಶಲಕರ್ಮಿ ಈ ಜಗತ್ತನ್ನು ಮಾಡಿದ, ಆದಷ್ಟೂ ಒಳ್ಳೆಯದಾಗಿ ಮಾಡಿದ ಅಂತ. ನಮ್ಮ ಕರುಳು ಅಷ್ಟುದ್ದ ಸುರುಳಿ ಸುತ್ತಿಕೊಂಡಿರೋದು ಯಾಕೆ ಗೊತ್ತಾ? ಉಂಡದ್ದು ಬೇಗ ಇಳಿದುಹೋದರೆ ಮತ್ತೆ ಹಸಿವಾಗುತ್ತೆ. ಮನುಷ್ಯ ದಿನವಿಡೀ ತಿನ್ನುತ್ತಲೇ ಕೂರುತ್ತಾನೆ, ತತ್ವಶಾಸ್ತ್ರಕ್ಕೆ ಪುರುಸೊತ್ತೇ ಸಿಗೋದಿಲ್ಲ. ಕರುಳಿನ ಕೆಲಸ ನಮ್ಮನ್ನು ತತ್ವಜ್ಞಾನಿ ಮಾಡೋದು! ಹಬ್ಬದ ದಿನ ಒಬ್ಬಟ್ಟು ತಿಂದು ಮಲಗಿದಾಗಲೆಲ್ಲ ನನಗೆ ಇದು ಜ್ಞಾಪಕಕ್ಕೆ ಬರುತ್ತೆ.

ಚಳಿಗೆ, ಚಳಿಗೆ

ಅರಿಸ್ಟಾಟಲನ ದಾರಿ ಬೇರೆ. ಅದನ್ನು ಹಿಡಿಯೋಕೆ ನನಗೆ ಸಹಾಯಕ್ಕೆ ಬಂದದ್ದು ಕನ್ನಡದ ಒಂದು ಪ್ರತ್ಯಯ. ‘ಚಳಿಗೆ ಕೈ ಮರಗಟ್ಟಿತು.’ ‘ಚಳಿಗೆ ಕಂಬಳಿ ತಂದರು.’ ಎರಡರಲ್ಲೂ ಅದೇ ‘ಚಳಿಗೆ’. ಮೊದಲನೆಯದರಲ್ಲಿ ಚಳಿ ಹಿಂದಿನಿಂದ ತಳ್ಳುತ್ತಿದೆ. ಎರಡನೆಯದರಲ್ಲಿ ಕಂಬಳಿಯ ಕೆಲಸ ಮುಂದೆ ಇದೆ. ‘ಮಳೆಗೆ ರಾಗಿ ಕೆಟ್ಟಿತು, ಮಳೆಗೆ ಟಾರ್ಪಾಲು ತಂದರು’ ಅನ್ನೋದೂ ಹಾಗೇ. ನಮ್ಮ ‘ಯಾಕೆ’ಯ ಬಾಲದಲ್ಲೂ ಇದೇ ‘ಕೆ’ ಇದೆ. ಏತಕ್ಕೆ, ಯಾತಕ್ಕೆ, ಯಾಕೆ. ಹಾಗಾಗಿ ಕನ್ನಡದಲ್ಲಿ ಯಾಕೆ ಅಂತ ಕೇಳಿದಾಗ ಕೇಳಿದವರು ಯಾವ ಕಡೆಗೆ ಬೆರಳು ತೋರಿಸುತ್ತಿದ್ದಾರೆ ಅಂತ ತಿಳಿಯೋದಿಲ್ಲ. ಆಫೀಸಿನಲ್ಲಿ ಇದರಿಂದ ದಿನಾ ಗೊಂದಲ. ‘ರಾತ್ರಿ ಸರ್ವರ್ ಯಾಕೆ ನಿಂತಿತ್ತು?’ ಅಂದರೆ ಒಬ್ಬ ‘ಮೆಮೊರಿ ತುಂಬಿತ್ತು’ ಅಂತಾನೆ, ಇನ್ನೊಬ್ಬ ‘ಹೊಸ ವರ್ಷನ್ ಹಾಕೋದಕ್ಕೆ’ ಅಂತಾನೆ. ಮ್ಯಾನೇಜರ್ ಇಬ್ಬರ ಮುಖವನ್ನೂ ನೋಡುತ್ತಾರೆ.

ಅರಿಸ್ಟಾಟಲ್ ‘ಯಾಕೆ’ಯನ್ನು ನಾಲ್ಕಾಗಿ ಬಿಡಿಸಿದ ಅನ್ನೋದು ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಯಾವುದರಿಂದ ಆಗಿದೆ, ಅದರ ರೂಪ ಏನು, ಯಾರು ಶುರು ಮಾಡಿದ್ದು, ಯಾವುದಕ್ಕಾಗಿ. ಮೊದಲ ಮೂರನ್ನು ಇಲ್ಲಿ ಬಿಡುತ್ತೇನೆ. ನಾಲ್ಕನೆಯದಕ್ಕೆ ಅವನು ಕೊಟ್ಟ ಉದಾಹರಣೆ ಸಾದಾ ಸೀದಾ. ಯಾಕೆ ನಡೀತಾನೆ? ಆರೋಗ್ಯಕ್ಕೆ. ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ಯಾರನ್ನು ಕೇಳಿದರೂ ಇದೇ ಉತ್ತರ ಬರುತ್ತೆ.

ಅವನ ಹೊಸತನ ಇರೋದು ಮುಂದಿನ ಹೆಜ್ಜೆಯಲ್ಲಿ. ಗುರಿ ಇರಬೇಕಾದರೆ ಯಾರೋ ಕೂತು ಯೋಚಿಸಲೇಬೇಕು ಅಂತೇನಿಲ್ಲ ಅನ್ನುತ್ತಾನೆ. ಜೇಡ ಬಲೆ ನೇಯುತ್ತೆ, ಹಕ್ಕಿ ಗೂಡು ಕಟ್ಟುತ್ತೆ, ಗಿಡ ಬೇರನ್ನು ಮೇಲಕ್ಕೆ ಬಿಡದೆ ಕೆಳಕ್ಕೇ ಬಿಡುತ್ತೆ. ಯಾವುದೂ ಲೆಕ್ಕ ಹಾಕಿ ಮಾಡಿದ್ದಲ್ಲ, ಆದರೆ ಎಲ್ಲವೂ ಒಂದು ಕಡೆಗೆ ಹೊರಟಿವೆ. ಹಡಗು ಕಟ್ಟುವ ವಿದ್ಯೆ ಮರದೊಳಗೇ ಇದ್ದಿದ್ದರೆ ಮರ ತಾನೇ ಹಡಗಾಗುತ್ತಿತ್ತು, ಪ್ರಕೃತಿ ಅಂದರೆ ಹಾಗೆ, ತನಗೆ ತಾನೇ ಮದ್ದು ಮಾಡಿಕೊಳ್ಳೋ ವೈದ್ಯನ ಹಾಗೆ ಅನ್ನುತ್ತಾನೆ. ಪ್ಲೇಟೋನ ಕುಶಲಕರ್ಮಿ ಹೊರಗೆ ನಿಂತಿದ್ದ. ಅರಿಸ್ಟಾಟಲ್ ಅವನನ್ನು ಮನೆಗೆ ಕಳಿಸಿ, ಕೆಲಸವನ್ನು ಮರದ ಒಳಗೇ ಇಟ್ಟ. ರಾಗಿ ಕಾಳಿಗೆ ರಾಗಿ ಪೈರು ಆಗೋದು ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಎದುರಾಳಿ ಯಾರು ಅಂದರೆ ಅವನಿಗಿಂತ ಹಿಂದಿನ ತತ್ವಜ್ಞಾನಿ, ಸಿಸಿಲಿಯ ಎಂಪೆಡೊಕ್ಲೀಸ್. ಅವನ ಕಲ್ಪನೆ ಭಯಂಕರ. ಮೊದಲು ಕುತ್ತಿಗೆ ಇಲ್ಲದ ತಲೆಗಳು, ಭುಜ ಇಲ್ಲದ ತೋಳುಗಳು, ಹಣೆ ಇಲ್ಲದ ಕಣ್ಣುಗಳು ಸುಮ್ಮನೆ ಅಲೆದಾಡುತ್ತಿದ್ದವಂತೆ. ಸಿಕ್ಕಸಿಕ್ಕ ಹಾಗೆ ಅಂಟಿಕೊಂಡವು. ಮನುಷ್ಯನ ಮುಖದ ಎತ್ತುಗಳೂ ಆದವು. ಹೊಂದಿಕೊಂಡವು ಉಳಿದವು, ಮಿಕ್ಕವು ಅಳಿದವು. ಬೆನ್ನುಮೂಳೆ ತುಂಡುತುಂಡಾಗಿರೋದು ಕೂಡ ಗರ್ಭದಲ್ಲಿ ಮಗು ಮುದುಡಿಕೊಂಡಾಗ ಮುರಿದಿದ್ದರಿಂದ ಅಂತ ಅವನ ಲೆಕ್ಕ. ಅರಿಸ್ಟಾಟಲ್ ಇದಕ್ಕೆ ಸಿಡಿಮಿಡಿಗೊಳ್ಳುತ್ತಾನೆ. ಮುಂದಿನ ಹಲ್ಲು ಕತ್ತರಿಸೋಕೆ ಚೂಪು, ಹಿಂದಿನ ದವಡೆ ಹಲ್ಲು ಅರೆಯೋಕೆ ಅಗಲ. ಇದು ಒಂದಲ್ಲ ಎರಡಲ್ಲ, ಹೆಚ್ಚುಕಡಿಮೆ ಪ್ರತಿ ಸಲವೂ ಹೀಗೇ ಬರುತ್ತೆ. ಆಕಸ್ಮಿಕ ಅಂದರೆ ಯಾವಾಗಲೋ ಒಮ್ಮೆ ಆಗೋದು. ಚಳಿಗಾಲದಲ್ಲಿ ಮಳೆ ಬಂದರೆ ಯಾರೂ ಆಕಸ್ಮಿಕ ಅನ್ನೋದಿಲ್ಲ, ಕಡುಬೇಸಿಗೆಯಲ್ಲಿ ಬಂದರೆ ಅನ್ನುತ್ತಾರೆ. (ಗ್ರೀಸಿನಲ್ಲಿ ಮಳೆಗಾಲ ಚಳಿಗಾಲದಲ್ಲಿ. ಒಕ್ಕಣೆ ಬೇಸಿಗೆಯಲ್ಲಿ. ಹಾಗಾಗಿ ಅವನ ಕಣದ ಮಳೆಯೂ ನಮ್ಮ ಡಿಸೆಂಬರ್ ಮಳೆಯ ಹಾಗೆ ಅಕಾಲದ್ದೇ ಇರಬೇಕು.) ಯಾವಾಗಲೂ ಆಗುವುದು ಆಕಸ್ಮಿಕ ಅಲ್ಲ ಅಂದಮೇಲೆ ಅದು ಯಾವುದಕ್ಕೋ ಆಗಿ ಆಗಬೇಕು.

ಇಲ್ಲಿ ನಾನು ಅವನ ಜೊತೆ ಹೋಗಲಾರೆ. ಆಕಸ್ಮಿಕ ಇಲ್ಲಾ ಗುರಿ, ಮೂರನೆಯದೇ ಇಲ್ಲ ಅಂತ ಹೇಗೆ? ಕಲ್ಲು ಯಾವಾಗಲೂ ಕೆಳಗೇ ಬೀಳುತ್ತೆ. ಅದಕ್ಕೂ ತನ್ನ ಜಾಗಕ್ಕೆ ಹೋಗುವ ತವಕ ಇದೆ ಅಂತ ಅವನು ಬೇರೆ ಕಡೆ ಹೇಳಿದ್ದಾನೆ, ಆ ಮಾತು ಬೇರೆ. ಇನ್ನು, ಈ ವಾದದ ಪ್ರಕಾರ ಮಳೆಗಾಲದ ಮಳೆ ನಿಜಕ್ಕೂ ಬೆಳೆಗೆ ಅಂತಲೇ ಬರುತ್ತೆ ಅಂತ ಅರಿಸ್ಟಾಟಲ್ ನಂಬಿದ್ದನೇ? ವಿದ್ವಾಂಸರು ಇದರ ಮೇಲೆ ಇವತ್ತಿಗೂ ಕಿತ್ತಾಡುತ್ತಾರೆ. ಹೌದು ಅನ್ನುವವರಿದ್ದಾರೆ. ಹಲ್ಲಿಗೆ ಮಾತ್ರ ಈ ವಾದ, ಮಳೆಗಲ್ಲ ಅನ್ನುವವರೂ ಇದ್ದಾರೆ. ಇನ್ನೊಂದು ಚೋದ್ಯ ಇದೆ. ಡಾರ್ವಿನ್ 1866ರಲ್ಲಿ ತನ್ನ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದ ನಾಲ್ಕನೇ ಆವೃತ್ತಿಗೆ ಒಂದು ಅಡಿಟಿಪ್ಪಣಿ ಸೇರಿಸಿದ. ಇದೇ ಮಳೆ, ಇದೇ ಕಣ, ಇದೇ ಹಲ್ಲಿನ ಮಾತು. ನೋಡಿ, ಹೊಂದಿದ್ದು ಉಳಿಯುತ್ತೆ ಅನ್ನುವ ತತ್ವದ ನೆರಳು ಅರಿಸ್ಟಾಟಲನಲ್ಲೇ ಕಾಣುತ್ತೆ ಅಂತ. ಅದು ಎಂಪೆಡೊಕ್ಲೀಸನ ಮಾತು, ಅರಿಸ್ಟಾಟಲ್ ಎತ್ತಿದ್ದೇ ಬೀಳಿಸೋಕೆ! ಡಾರ್ವಿನ್ ಎದುರಾಳಿಯ ಮಾತನ್ನು ಬರೆದವನ ಜೇಬಿಗೆ ಹಾಕಿದ್ದ.

ಎತ್ತಿನ ಬಾಯೊಳಗೆ

ಹಲ್ಲಿನ ಮಾತು ಬಂದದ್ದರಿಂದ ಇನ್ನೊಂದು ನೆನಪು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತೆ. ದೊಡ್ಡಪ್ಪನ ಜೊತೆ ಒಮ್ಮೆ ಹೋಗಿದ್ದೆ. ಅವರಿಗೆ ಒಂದು ಜೊತೆ ಎತ್ತು ಬೇಕಿತ್ತು. ಧೂಳು, ಹುಲ್ಲಿನ ವಾಸನೆ, ಟವೆಲಿನ ಒಳಗೆ ಕೈ ಹಿಡಿದು ಬೆರಳಲ್ಲೇ ರೇಟು ಮಾತಾಡುವ ದಲ್ಲಾಳಿಗಳು. ದೊಡ್ಡಪ್ಪ ಎತ್ತಿನ ಹತ್ತಿರ ಹೋಗಿ, ಮೂಗುದಾರ ಹಿಡಿದು, ಇನ್ನೊಂದು ಕೈಯಲ್ಲಿ ಕೆಳತುಟಿ ಸರಕ್ಕನೆ ಕೆಳಗೆಳೆದರು. “ಆರು ಹಲ್ಲು” ಅಂದರು. ಪಕ್ಕದ್ದನ್ನು ನೋಡಿ, “ಇದು ಬಾಯ್ಗೂಡಿದೆ” ಅಂದರು, ಅಂದರೆ ಹಲ್ಲೆಲ್ಲ ಬಂದಿವೆ ಅಂತ. ನನ್ನ ಕಣ್ಣು ಮೇಲಕ್ಕೆ ಹೋಯಿತು. ಮೇಲೆ ಮುಂದುಗಡೆ ಒಂದೂ ಹಲ್ಲಿಲ್ಲ. ಬೋಳು ವಸಡು, ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿ. ಮೋಸದ ವ್ಯಾಪಾರ ಅಂದುಕೊಂಡು ದೊಡ್ಡಪ್ಪನ ಅಂಗಿ ಜಗ್ಗಿದೆ. “ದೊಡ್ಡಪ್ಪಾ, ಮೇಲಿನ ಹಲ್ಲು ಉದುರೋಗಿದಾವೆ!” ದಲ್ಲಾಳಿ ಬಿದ್ದು ಬಿದ್ದು ನಕ್ಕ. “ದನಕ್ಕೆ ಮೇಲೆ ಹಲ್ಲೆಲ್ಲಿರ್ತವೆ ಮಗಾ?” ಅಂದ. ಮನೆಯಲ್ಲೇ ನಾಲ್ಕು ದನ ಇದ್ದವು. ಅಷ್ಟು ವರ್ಷ ನೋಡೇ ಇರಲಿಲ್ಲ.

ಅರಿಸ್ಟಾಟಲ್ ನೋಡಿದ್ದ. ಕೊಂಬು ಇರುವ ಪ್ರಾಣಿಗಳಿಗೆ ಮೇಲಿನ ಮುಂಬಲ್ಲು ಇರೋದಿಲ್ಲ ಅಂತ ‘ಪ್ರಾಣಿಗಳ ಭಾಗಗಳು’ ಅನ್ನುವ ಪುಸ್ತಕದಲ್ಲಿ ಗುರುತು ಹಾಕಿದ್ದಾನೆ. ಯಾಕೆ? ಅವನ ವಿವರಣೆ ನಮ್ಮ ಮನೆಯ ತಿಂಗಳ ಖರ್ಚಿನ ಲೆಕ್ಕದ ಹಾಗಿದೆ. ದೇಹದಲ್ಲಿ ಗಟ್ಟಿ ಪದಾರ್ಥ ಇಂತಿಷ್ಟೇ ಇರುತ್ತೆ. ಅದು ಮೇಲೆ ಹೋಗಿ ಕೊಂಬಿಗೆ ಖರ್ಚಾಯಿತು, ಹಲ್ಲಿಗೆ ಉಳಿಯಲಿಲ್ಲ. ಹಲ್ಲಿಲ್ಲದೆ ಮೇವು ಸರಿಯಾಗಿ ನುರಿಯೋದಿಲ್ಲ. ಅದಕ್ಕೇ ಹೊಟ್ಟೆ ಒಂದಲ್ಲ ನಾಲ್ಕು, ಒಂದರಿಂದ ಒಂದಕ್ಕೆ ದಾಟುತ್ತಾ ಮೇವು ಹದಕ್ಕೆ ಬರುತ್ತೆ. ಆ ನಾಲ್ಕಕ್ಕೂ ಬೇರೆ ಬೇರೆ ಹೆಸರು ಕೊಟ್ಟಿದ್ದಾನೆ, ಎರಡನೆಯದು ಒಳಗೆ ಬಲೆಯ ಹಾಗಿದೆ ಅಂತ. ದನ ಕೊಯ್ದು ನೋಡದೆ ಇದನ್ನು ಬರೆಯೋಕೆ ಆಗೋದಿಲ್ಲ. ಒಂಟೆಗೆ ಕೊಂಬಿಲ್ಲ, ಆದರೂ ಮೇಲಿನ ಮುಂಬಲ್ಲಿಲ್ಲವಲ್ಲ ಅನ್ನುವ ತಕರಾರನ್ನೂ ತಾನೇ ಎತ್ತಿ, ಅದು ಮುಳ್ಳು ತಿನ್ನುವ ಪ್ರಾಣಿ, ಅದಕ್ಕೆ ಈ ಹಲ್ಲಿಗಿಂತ ಗಟ್ಟಿ ಅಂಗುಳು ಮುಖ್ಯ ಅನ್ನುತ್ತಾನೆ.

ಕೊಂಬು ಹಲ್ಲಿನ ಲೆಕ್ಕ ಇವತ್ತು ನಿಲ್ಲೋದಿಲ್ಲ ಬಿಡಿ. ಆದರೆ ಅವನು ಕೇಳಿದ ರೀತಿ ನೋಡಿ. ಕೊಂಬು, ಹಲ್ಲು, ಹೊಟ್ಟೆ, ಮೇವು, ನಾಲ್ಕನ್ನೂ ಒಂದು ಪ್ರಾಣಿಯ ಬದುಕಿಗೆ ಕಟ್ಟಿ ನೋಡುತ್ತಿದ್ದಾನೆ. ಹಲ್ಲೊಂದನ್ನೇ ಹಿಡಿದು ಯಾಕೆ ಅಂದರೆ ಉತ್ತರ ಸಿಗೋದಿಲ್ಲ. ಈ ಎತ್ತು ದಿನಾ ಏನು ಮಾಡುತ್ತೆ ಅಂತ ಕೇಳಿದರೆ ಹಲ್ಲು ಇಲ್ಲದ್ದಕ್ಕೂ ಅರ್ಥ ಬರುತ್ತೆ. 1882ರ ಫೆಬ್ರವರಿಯಲ್ಲಿ, ತೀರಿಕೊಳ್ಳೋಕೆ ಎರಡು ತಿಂಗಳ ಮುಂಚೆ, ಡಾರ್ವಿನ್ ಇದೇ ಪುಸ್ತಕದ ಇಂಗ್ಲಿಷ್ ಅನುವಾದ ಕಳಿಸಿದವರಿಗೆ ಕಾಗದ ಬರೆದ. ಜೀವಶಾಸ್ತ್ರದ ದೊಡ್ಡ ಹೆಸರುಗಳಾದ ಲಿನೇಯಸ್ ಮತ್ತು ಕುವಿಯೆ ತನಗೆ ಇಬ್ಬರು ದೇವರ ಹಾಗಿದ್ದರು, ಮುದುಕ ಅರಿಸ್ಟಾಟಲನ ಮುಂದೆ ಅವರು ಬರೀ ಶಾಲೆ ಹುಡುಗರು ಅಂತ. ಈ ಸಲ ಯಾರ ಮಾತೂ ತಪ್ಪು ಜೇಬಿಗೆ ಹೋಗಿರಲಿಲ್ಲ.

ತಿಗಣೆಗೂ ಒಂದು ಕೆಲಸ

ನನಗೆ ಅರಿಸ್ಟಾಟಲನ ಮೇಲೆ ಗೌರವ ಜಾಸ್ತಿಯಾದದ್ದು ಅವನು ‘ಇದಕ್ಕೆ ಯಾವ ಉದ್ದೇಶವೂ ಇಲ್ಲ’ ಅಂದ ಜಾಗಗಳಲ್ಲಿ. ಪಿತ್ತರಸ ಯಾವುದಕ್ಕೂ ಅಲ್ಲ, ಅದೊಂದು ಉಳಿಕೆ, ಎಲ್ಲದರಲ್ಲೂ ಉದ್ದೇಶ ಹುಡುಕಬಾರದು ಅನ್ನುತ್ತಾನೆ. (ಪಿತ್ತದ ವಿಷಯದಲ್ಲಿ ಪಾಪ ಸೋತ. ಕೊಬ್ಬು ಅರಗೋಕೆ ಅದು ಬೇಕೇ ಬೇಕು.) ಕಣ್ಣು ನೋಡೋಕೆ ಇದೆ, ಆದರೆ ಕಣ್ಣು ನೀಲಿ ಆಗಿರೋದು ಯಾವುದಕ್ಕೂ ಅಲ್ಲ. ಜಿಂಕೆಯ ಕವಲು ಕೊಂಬಿನಿಂದ ಅದಕ್ಕೆ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚು.

ಅವನ ನಂತರ ಅವನ ಶಾಲೆ ಲೈಸಿಯಂ ನಡೆಸಿದ ಥಿಯೋಫ್ರಾಸ್ಟಸ್ ಗುರುವಿನ ಮಾತನ್ನು ಇನ್ನೂ ಹಿಂಡಿದ. ಗಿಡಮರಗಳ ಜೊತೆ ಬದುಕಿದ ಮನುಷ್ಯ, ಲೆಸ್ಬಾಸ್ ದ್ವೀಪದವನು. ಸಮುದ್ರ ನುಗ್ಗಿ ಬರೋದು, ಹಿಂದೆ ಸರಿಯೋದು ಯಾವುದಕ್ಕೆ? ಬರ ಯಾವುದಕ್ಕೆ? ಗಂಡಸರಿಗೆ ಮೊಲೆ ಯಾವುದಕ್ಕೆ? ಒಂದು ದಿನ ಬದುಕಿ ಸಾಯುವ ಹುಳ ಯಾವುದಕ್ಕೆ? ‘ಯಾವುದಕ್ಕೆ’ ಅನ್ನೋದಕ್ಕೂ ಎಲ್ಲೋ ಒಂದು ಗಡಿ ಹಾಕಿಕೊಳ್ಳಬೇಕು ಅಂತ ಅವನ ವಾದ.

ಗಡಿ ಹಾಕದಿದ್ದರೆ ಏನಾಗುತ್ತೆ ಅನ್ನೋದಕ್ಕೆ, ಜಗತ್ತೆಲ್ಲ ದೈವದ ಏರ್ಪಾಡು ಅಂತ ನಂಬಿದ್ದ ಸ್ಟೋಯಿಕ್ ಪಂಥದ ಕ್ರಿಸಿಪ್ಪಸ್ ಇದ್ದಾನೆ. ತಿಗಣೆ ಇರೋದು ನಮ್ಮನ್ನು ಎಬ್ಬಿಸೋಕೆ, ಇಲಿ ಇರೋದು ಸಾಮಾನುಗಳನ್ನು ಕಂಡಕಂಡಲ್ಲಿ ಬಿಡದಿರಲಿ ಅಂತ ಎಚ್ಚರಿಸೋಕೆ. ಅವನು ಹೀಗೆ ಬರೆದಿದ್ದ ಅಂತ ಮುಂದಿನ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಆಡಿಕೊಂಡಿದ್ದಾನೆ. ಬ್ಯಾಚುಲರ್ ದಿನಗಳ ನನ್ನ ಹಾಸ್ಟೆಲ್ ಕೋಣೆಯಲ್ಲಿ ಈ ತತ್ವವನ್ನು ಎಷ್ಟು ರಾತ್ರಿ ಅನುಭವಿಸಿದ್ದೇನೋ! ನಗು ಬರುತ್ತೆ. ಆದರೆ ‘ಎಲ್ಲಾ ಒಳ್ಳೇದಕ್ಕೇ ಆಗೋದು’ ಅಂತ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರಿಗೆ ಹೇಳುವ ನೆಂಟರು ಮಾಡೋದೂ ಇದೇ ಕೆಲಸ.

ಯಾರಿಗೆ?

ಅರಿಸ್ಟಾಟಲ್ ಒಂದು ಸೂಕ್ಷ್ಮ ಹೇಳಿದ್ದಾನೆ. ‘ಇದಕ್ಕಾಗಿ’ ಅನ್ನೋದರಲ್ಲಿ ಎರಡು ಅರ್ಥ ಇವೆ. ಒಂದು, ಯಾವ ಗುರಿಗೆ. ಇನ್ನೊಂದು, ಯಾರ ಅನುಕೂಲಕ್ಕೆ. ಗ್ರೀಕಿನಲ್ಲಿ ಇವೆರಡಕ್ಕೆ ಬೇರೆ ಬೇರೆ ವಿಭಕ್ತಿ ಹಾಕಿ ಬಿಡಿಸಿ ತೋರಿಸುತ್ತಾನೆ. ಕನ್ನಡದಲ್ಲಿ ಎರಡೂ ಚತುರ್ಥಿಯೇ. ಯಾವುದಕ್ಕೆ, ಯಾರಿಗೆ. ವೈದ್ಯನ ಕೆಲಸ ಆರೋಗ್ಯಕ್ಕೆ, ಆ ಆರೋಗ್ಯ ರೋಗಿಗೆ. ಪ್ರಾಣಿಗಳ ಬಗ್ಗೆ ಬರೆಯುವಾಗ ಅವನ ‘ಯಾರಿಗೆ’ ಸ್ಪಷ್ಟ. ಎತ್ತಿನ ಹೊಟ್ಟೆ ಎತ್ತಿಗೆ. ಜೇಡದ ಬಲೆ ಜೇಡಕ್ಕೆ.

ಅದೇ ಮನುಷ್ಯ ರಾಜಕೀಯದ ಪುಸ್ತಕಕ್ಕೆ ಕೈ ಹಾಕಿದಾಗ ಕೈ ಜಾರುತ್ತೆ. ಗಿಡ ಪ್ರಾಣಿಗಳಿಗಾಗಿ, ಪ್ರಾಣಿ ಮನುಷ್ಯರಿಗಾಗಿ ಅನ್ನುತ್ತಾನೆ. ಅಲ್ಲಿಗೆ ನಿಲ್ಲೋದಿಲ್ಲ. ಕೆಲವರು ಹುಟ್ಟಿನಿಂದಲೇ ಗುಲಾಮರು, ಗುಲಾಮ ಅಂದರೆ ಜೀವ ಇರುವ ಸಲಕರಣೆ ಅನ್ನುತ್ತಾನೆ. ಎತ್ತಿನ ವಿಷಯದಲ್ಲಿ ಅಷ್ಟು ಹುಷಾರಾಗಿದ್ದವನು ಮನುಷ್ಯನ ವಿಷಯದಲ್ಲಿ ‘ಯಾರಿಗೆ’ ಅನ್ನೋದನ್ನು ಪಕ್ಕದ ಮನೆಗೆ ಬರೆದುಕೊಟ್ಟ. ಆ ಕಾಲವೇ ಹಾಗಿತ್ತು ಅಂತ ಸಮಾಧಾನ ಹೇಳುವವರಿದ್ದಾರೆ. ಗುಲಾಮಗಿರಿ ಪ್ರಕೃತಿಯದಲ್ಲ, ಬರೀ ಬಲಾತ್ಕಾರ ಅನ್ನುವವರು ಅವನ ಕಾಲದಲ್ಲೇ ಇದ್ದರು ಅಂತ ಅವನೇ ಬರೆದಿದ್ದಾನೆ. ಕೇಳಿಸಿಕೊಂಡೂ ಹಾಗೆ ಬರೆದ.

ಬೇರೆಯವರನ್ನು ಬೈಯೋದು ಸುಲಭ. ಆ ರಾತ್ರಿ ಟಾರ್ಪಾಲಿನ ಮೂರನೇ ಮೂಲೆ ಹಿಡಿದಾತ ಅಪ್ಪನ ವಯಸ್ಸಿನವರು. ಹತ್ತು ವರ್ಷದ ನಾನು ಅವರನ್ನು ‘ಬಾರೋ, ಹೋಗೋ’ ಅಂತಿದ್ದೆ. ಊರಿನ ಎಲ್ಲ ಮಕ್ಕಳೂ ಹಾಗೇ ಅನ್ನುತ್ತಿದ್ದರು. ಯಾರೂ ಕರೆಯದೆ ಕತ್ತಲಲ್ಲಿ ಅರ್ಧ ಮೈಲಿ ಓಡಿ ಬಂದಿದ್ದರು. ಬೆಳಗಿನ ಜಾವ ಮಳೆ ಸಣ್ಣಗಾದ ಮೇಲೆ ಎಲ್ಲರಿಗೂ ಕಾಫಿ ಬಂತು. ಅವರಿಗೆ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿರುತ್ತಿದ್ದ ಬೇರೆ ಲೋಟದಲ್ಲಿ. “ಅವ್ನು ಬಂದೇ ಬರ್ತಾನೆ, ಅವ್ರು ಇರೋದೇ ಅದಕ್ಕಲ್ವಾ” ಅಂತ ಯಾರೋ ಮೆಚ್ಚುಗೆಯ ದನಿಯಲ್ಲೇ ಅಂದರು. ಅವರ ಗುಡಿಸಿಲಿನ ಸೂರು ಅದೇ ಮಳೆಗೆ ಒಂದು ಕಡೆ ಕುಸಿದಿತ್ತು, ಹೆಂಡತಿ ಮಕ್ಕಳು ರಾತ್ರಿಯೆಲ್ಲ ಒಂದು ಮೂಲೆಯಲ್ಲಿ ನಿಂತೇ ಇದ್ದರು ಅನ್ನೋದು ನಮಗೆ ಮಧ್ಯಾಹ್ನ ತಿಳಿಯಿತು. ಅವರಾಗಿ ಹೇಳಿದ್ದಲ್ಲ. ಸೋಗೆ ಕೇಳೋಕೆ ಬಂದಾಗ, ಏನಕ್ಕೆ ಅಂತ ಅಪ್ಪ ಕೇಳಿದ್ದಕ್ಕೆ ಹೇಳಿದ್ದು.

ರಾಗಿ ಏನಾಯಿತು ಅಂತ ಹೇಳಲೇ ಇಲ್ಲ. ಮೇಲಿನದು ಒಂದಷ್ಟು ಉಳಿಯಿತು. ಮತ್ತೆ ಎರಡು ದಿನ ಮೋಡ ಬಿಡಲಿಲ್ಲ. ಮೂರನೇ ದಿನ ಬಿಸಿಲು ಬಂದಾಗ ಒಣಗಿಸೋಕೆ ಅಂತ ಅಜ್ಜಿ ರಾಶಿಯ ಬುಡಕ್ಕೆ ಕೈ ಹಾಕಿದರು. ಒಳಗೆ ಬೆಚ್ಚಗಿತ್ತು. ಮುಷ್ಟಿ ತುಂಬ ಹೊರಗೆ ತೆಗೆದು ಬಿಚ್ಚಿ ತೋರಿಸಿದರು. ಕೆಂಪು ಕಾಳು, ಒಂದೊಂದರ ಮೂತಿಯಲ್ಲೂ ದಾರದ ಎಳೆಯಷ್ಟು ಬೆಳ್ಳನೆಯ ಮೊಳಕೆ. ಎಲ್ಲವೂ ಮೊಳೆತಿದ್ದವು. “ಥೂ, ಇವಕ್ಕೇನು ಅವಸರ” ಅಂತ ಬೈದು, ಕೋಳಿಗಳ ಮುಂದೆ ಎರಚಿದರು. ಕೋಳಿಗಳು ಓಡಿ ಬಂದವು.